ಗೌರಿ ಹುಣ್ಣಿಮೆ ಬಂತು, ಅಟ್ಟದ ಮ್ಯಾಲಿನ ಅಚ್ಚು ಇಳೀತು

ನಾಗಣಸೂರ (ತಾ. ಅಕ್ಕಲಕೋಟ): ದೀಪಾವಳಿ ಮುಗಿದು ಹದಿನೈದು ದಿನಕ್ಕೆ ಗೌರಿ ಹುಣ್ಣಿಮೆ. ಇದೇ ದಿನ ಮರಾಠಿ ಮನೆಗಳಲ್ಲಿ ತ್ರಿಪುರಿ ಪೌರ್ಣಿಮೆ, ಅಲ್ಲಿ ದೀಪದ್ದೇ ಸಡಗರ. ಕನ್ನಡ ಮನೆಯ ಹೆಣ್ಣುಮಕ್ಕಳಿಗೆ ದೀಪದ ಜೊತೆ ಸಕ್ಕರೆ ಆರತಿಯೂ ಬೇಕು. ತಾಟಿನಲ್ಲಿ ಆನೆ, ಕುದುರೆ, ಒಂಟೆ, ಬಸವಣ್ಣ, ತೇರು ಜೋಡಿಸಿ ಗೌರಿಗೆ ಬೆಳಗದಿದ್ದರೆ ಹಬ್ಬ ಆದಂಗಲ್ಲ.

ಇದರಲ್ಲಿ ಬೀಗರ ಮರ್ಯಾದೆಯ ಮಾತೂ ಇದೆ. ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯವರು ಸೀರೆಯ ಜೊತೆ ಸಕ್ಕರೆ ಆರತಿ ಒಯ್ಯುವುದು ಉತ್ತರ ಕರ್ನಾಟಕದ ಹಳೆಯ ಪದ್ಧತಿ. 1956ರಲ್ಲಿ ರಾಜ್ಯಗಳ ಗೆರೆ ಬಿದ್ದು ಅಕ್ಕಲಕೋಟ ತಾಲೂಕು ಈ ಕಡೆ ಉಳಿಯಿತು. ಬೀಗತನ ಆ ಗೆರೆಯನ್ನು ಕೇಳಲಿಲ್ಲ. ರೈಲು ಹಳಿ ಹಿಡಿದು ಹೊರಟರೆ ನಾಗಣಸೂರ ಆದ ಮೇಲೆ ಬೋರೋಟಿ, ದುಧನಿ. ಅದನ್ನು ದಾಟಿದರೆ ಕಲಬುರಗಿ ಜಿಲ್ಲೆ. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರೂ ಗದ್ದಲದಲ್ಲಿ ಆನೆಯ ಸೊಂಡಿಲು ಮುರಿಯುವುದುಂಟು. ಮುರುಕು ಆರತಿ ಕಂಡು ಬೀಗರು ಏನಂದಾರು? ಅದಕ್ಕೇ ತಿಳಿದವರು ನಾಲ್ಕು ಗೊಂಬೆ ಹೆಚ್ಚಿಗೇ ಮಾಡಿರುತ್ತಾರೆ.

ಈಗ ಪ್ಯಾಟಿಯಲ್ಲಿ ಕಿಲೋ ಲೆಕ್ಕದಲ್ಲಿ ತಯಾರು ಆರತಿ ಸಿಗುತ್ತದೆ. ತಪ್ಪೇನಿಲ್ಲ. ಆದರೆ ಅಚ್ಚು ಇದ್ದ ಮನೆಯಲ್ಲೂ ಪಾಕ ಹಿಡಿಯುವ ಕೈ ಇಲ್ಲದಂತಾದರೆ ಕಟ್ಟಿಗೆಯ ಆ ಅಚ್ಚು ಬರೀ ಗೋಡೆಯ ಅಲಂಕಾರ.

ಪಾಕದ ಗುಟ್ಟು

ಎರಡು ಹೋಳಿನ ಅಚ್ಚನ್ನು ಮೊದಲು ತಣ್ಣೀರಿನಲ್ಲಿ ತಾಸೊಪ್ಪತ್ತು ನೆನೆಹಾಕಬೇಕು. ಒಣ ಕಟ್ಟಿಗೆಗೆ ಪಾಕ ಅಂಟಿದರೆ ಗೊಂಬೆ ಬಿಡಿಸುವಾಗ ಕಾಲು ಅಲ್ಲೇ ಉಳಿದಂತೆ! ಒಂದು ಕಿಲೋ ಸಕ್ಕರೆಗೆ ಅರ್ಧ ಲೀಟರಿನೊಳಗೆ ನೀರು. ಕುದಿಯುವಾಗ ಸ್ವಲ್ಪ ಹಾಲು ಹಾಕಿದರೆ ಹೊಲಸು ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು ತೆಳು ಬಟ್ಟೆಯಲ್ಲಿ ಸೋಸಬೇಕು.

ಮುಂದಿನದು ಒಮ್ಮೆಗೇ ಮಾಡುವ ಕೆಲಸವಲ್ಲ. ಎರಡು ಮೂರು ಅಚ್ಚಿಗೆ ಆಗುವಷ್ಟೇ ಪಾಕವನ್ನು ಸಣ್ಣ ಪಾತ್ರೆಗೆ ಹಾಕಿ, ನಾಲ್ಕು ಹನಿ ಲಿಂಬೆರಸ ಹಿಂಡಿ ಕುದಿಸಬೇಕು. ತಣ್ಣೀರಿಗೆ ಬಿಟ್ಟ ಹನಿ ಮೆತ್ತನೆಯ ಉಂಡೆಯಾದರೆ ಹದ ಬಂತು. ಆಗ ಒಲೆಯಿಂದ ಇಳಿಸಿ ಸೌಟಿನಿಂದ ಪಾತ್ರೆಯ ಅಂಚಿಗೆ ತಿಕ್ಕುತ್ತಾ ಹೋಗಬೇಕು. ನೀರಿನಂತಿದ್ದ ಪಾಕ ಬೆಳ್ಳಗೆ ತಿರುಗಿದ ಗಳಿಗೆಯಲ್ಲಿ ಸುರಿಯಬೇಕು. ತಿಕ್ಕುವುದರಿಂದಲೇ ಸಕ್ಕರೆ ಸಣ್ಣ ಹರಳುಗಟ್ಟುತ್ತದೆ. ಮೊದಲೇ ಸುರಿದರೆ ಗೊಂಬೆ ಹಸಿ, ತಡವಾದರೆ ಪಾತ್ರೆಯಲ್ಲೇ ಕಲ್ಲು. ಲಿಂಬೆರಸ ಹೆಚ್ಚಾದರೂ ಗಟ್ಟಿಯಾಗುವುದಿಲ್ಲ. "ಗಡಿಯಾರ ನೋಡಬ್ಯಾಡವಾ, ಬಣ್ಣ ನೋಡು" ಎಂದು ಅತ್ತೆಯಂದಿರು ಸೊಸೆಯರಿಗೆ ಹೇಳುವುದು ಇದಕ್ಕೇ.

ಪಾಕ ಕೆಟ್ಟರೆ ಅಳಬೇಕಾಗಿಲ್ಲ. ನೀರು ಹಾಕಿ ಮತ್ತೆ ಕಾಯಿಸಿದರೆ ಸಕ್ಕರೆ ಸಕ್ಕರೆಯೇ. ಕೈ ಸುಟ್ಟರೆ ಮಾತ್ರ ಕಷ್ಟ. ಇದು ಕುದಿಯುವ ನೀರಿಗಿಂತ ಹೆಚ್ಚು ಬಿಸಿ, ಮೈಗೆ ಅಂಟಿಕೊಳ್ಳುತ್ತದೆ ಬೇರೆ. ಹುಡುಗರನ್ನು ಅಡುಗೆಮನೆಯ ಹೊರಗಿಡುವುದೇ ಲೇಸು. ಬಿದ್ದರೆ ಕೂಡಲೇ ತಣ್ಣೀರಿನ ಧಾರೆ ಹಿಡಿಯಬೇಕು.

ಇದೇ ಪಾಕದ ಬಳಗ ದೊಡ್ಡದು. ಸೋಡಾ ಬೆರೆಸಿ ಬಟ್ಟೆಯ ಮೇಲೆ ಹನಿ ಬಿಟ್ಟರೆ ಗಾಳಿ ತುಂಬಿ ಉಬ್ಬಿ ಬತ್ತಾಸು. ಪಾಕವನ್ನು ಸುಮಾರು 150 ಡಿಗ್ರಿಗೆ ಕಾಯಿಸಿ ಸೋಡಾ ಹಾಕಿದರೆ ಜೇನುಹುಟ್ಟಿನಂತೆ ತೂತುತೂತಾದ, ಕಟುಮ್ ಎನ್ನುವ ಟಾಫಿ. ಇಂಗ್ಲೆಂಡಿನ ಮನೆಗಳಲ್ಲಿ ಮಾಡುವುದು ಅದನ್ನು. ಅಚ್ಚಿನಲ್ಲಿ ದಾರ ಹಾಸಿ ಪಾಕ ಸುರಿದರೆ ಪಾಡ್ಯದ ಗುಡಿಗೆ ಕಟ್ಟುವ ಸಕ್ಕರೆ ಸರ. ಅದನ್ನು ಈ ಭಾಗದಲ್ಲಿ ಕನ್ನಡದವರು, ಮರಾಠಿಯವರು ಎಲ್ಲರೂ ಕಟ್ಟುತ್ತಾರೆ.

ಬಣ್ಣ ಬೇಕಾದರೆ ತಿನ್ನುವ ಬಣ್ಣವನ್ನೇ ಕೇಳಿ ತರಬೇಕು, ಆರತಿ ಕಡೆಗೆ ಹೋಗುವುದು ಮಕ್ಕಳ ಬಾಯಿಗೇ. ಮುರಿದ ಸೊಂಡಿಲನ್ನು ಒಂದು ಹನಿ ಬಿಸಿ ಪಾಕ ಹಚ್ಚಿ ಕೂಡಿಸಬಹುದು. ಗೊಂಬೆಗಳನ್ನು ಹಾಳೆಯಲ್ಲಿ ಸುತ್ತಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟರೆ ತೇವ ಹಿಡಿಯುವುದಿಲ್ಲ, ಇರುವೆಯೂ ಸುಳಿಯುವುದಿಲ್ಲ. ಹುಣ್ಣಿಮೆ ಮುಗಿದ ಮೇಲೆ ಅಚ್ಚನ್ನು ಬಿಸಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಕಟ್ಟಿಗೆ ಸೀಳುತ್ತದೆ. ಉಳಿದ ಚೂರುಪಾರು ಮರುದಿನದ ಚಹಾಕ್ಕೆ ಆಯಿತು.