ಕ್ಲಾಸ್ ರೆಕಾರ್ಡ್ ಮಾಡೋದು ಕಳ್ಳತನ ಅಲ್ಲ ಸರ್

ಡಿಗ್ರಿ ಮೊದಲ ವರ್ಷ. ಬೆಂಚಿನ ಮೇಲಿದ್ದ ನನ್ನ ಫೋನ್ ನೋಡಿ ಇತಿಹಾಸದ ಮೇಷ್ಟ್ರು, 'ಏನಮ್ಮಾ, ನನ್ನ ಮಾತನ್ನೇ ಕದೀತಿದೀಯಾ?' ಅಂದರು. ಕ್ಲಾಸೆಲ್ಲ ನಕ್ಕಿತು. ನನಗೆ ದೃಷ್ಟಿ ಕಡಿಮೆ. ಮೊದಲ ಬೆಂಚಲ್ಲಿ ಕೂತರೂ ಬೋರ್ಡ್ ಮೇಲೆ ಕಾಣೋದು ಬಿಳಿ ಗೀರುಗಳಷ್ಟೇ. ಫೋನ್ ಬ್ಯಾಗಿಗೆ ಹೋಯಿತು. ಅವತ್ತಿನ ಪಾಠ ಗೆಳತಿಯ ನೋಟ್ಸಿನ ಫೋಟೋ ಆಗಿ ಸಂಜೆ ವಾಟ್ಸಾಪಿಗೆ ಬಂತು. ಆ ಕೈಬರಹವನ್ನು ನನ್ನ ಸ್ಕ್ರೀನ್ ರೀಡರ್ ಓದಲಿಲ್ಲ.

ಈಗ ಜೂನಿಯರ್‌ಗಳು 'ಅಕ್ಕಾ, ಯಾವ ಆ್ಯಪ್ ಒಳ್ಳೇದು?' ಅಂತ ಕೇಳ್ತಾರೆ. ಕ್ಲಾಸಲ್ಲಿ ನಿನಗೆ ತಪ್ಪಿಹೋಗ್ತಿರೋದು ಏನು ಅಂತ ನಾನು ತಿರುಗಿ ಕೇಳ್ತೀನಿ. ಒಬ್ಬರಿಗೆ ಬೋರ್ಡು, ಇನ್ನೊಬ್ಬರಿಗೆ ಮಾತು. ಡಿಸ್ಲೆಕ್ಸಿಯಾ ಇರೋ ಎಷ್ಟೋ ಜನರಿಗೆ ಕೇಳುತ್ತಾ ಬರೆಯೋದೇ ಕಷ್ಟ. ಎಲ್ಲರಿಗೂ ಒಂದೇ ಆ್ಯಪ್ ಅಂದರೆ ಎಲ್ಲರಿಗೂ ಒಂದೇ ಅಳತೆಯ ಚಪ್ಪಲಿ ಕೊಟ್ಟ ಹಾಗೆ.

ರೆಕಾರ್ಡ್ ಮಾಡೋದು ಸುಲಭ. ಬೇಕಾದ್ದನ್ನು ಹುಡುಕೋದು ಕಷ್ಟ. ದಿನಕ್ಕೆ ಐದು ಕ್ಲಾಸ್ ಅಂದರೆ ಐದು ಗಂಟೆ ಆಡಿಯೋ. ಅದನ್ನು ಮತ್ತೆ ಕೇಳೋಕೆ ಯಾರಿಗೆ ಪುರಸೊತ್ತು? ಅದಕ್ಕೇ ಆಡಿಯೋ ಮತ್ತು ನೋಟ್ಸ್ ಒಂದಕ್ಕೊಂದು ಹೊಂದಿಕೊಂಡಿರಬೇಕು. ವಿಂಡೋಸ್ ಕಂಪ್ಯೂಟರಿನ ಒನ್‌ನೋಟ್‌ನಲ್ಲಿ ರೆಕಾರ್ಡ್ ಮಾಡುತ್ತಾ ಎರಡು ಪದ ಟೈಪ್ ಮಾಡಿದ್ರೆ, ಆಮೇಲೆ ಆ ಸಾಲಿನಿಂದಲೇ ಆ ಹೊತ್ತಿನ ಮಾತನ್ನು ಕೇಳಬಹುದು. ಐಪ್ಯಾಡಿನ ನೋಟಬಿಲಿಟಿ ಕೈಬರಹಕ್ಕೂ ಹೀಗೇ ಮಾಡುತ್ತೆ. ಐಪ್ಯಾಡ್ ಎಲ್ಲಿಂದ ತರೋದು ಅಂತೀರಾ? ಬರೀ ಫೋನ್ ಇದ್ದರೆ ವಿಷಯ ಬದಲಾದಾಗೆಲ್ಲ ಹೊಸ ರೆಕಾರ್ಡಿಂಗ್ ಶುರುಮಾಡಿ, ಕ್ಲಾಸ್ ಮುಗಿದ ಕೂಡಲೇ ಫೈಲಿಗೆ ಹೆಸರು ಕೊಡಿ. ಸಂಜೆಗೆ ಬಿಟ್ಟರೆ ಕೆಟ್ಟಿರಿ.

ದುಡ್ಡು ಕಟ್ಟೋ ಮೊದಲು ಟಾಕ್‌ಬ್ಯಾಕ್ ಆನ್ ಮಾಡಿ, ಕಣ್ಣು ಮುಚ್ಚಿ ರೆಕಾರ್ಡ್ ಶುರುಮಾಡಿ, ನಿಲ್ಲಿಸಿ, ಸೇವ್ ಮಾಡಿ ನೋಡಿ. ಏನು ಒತ್ತಿದರೂ ಬರೀ 'ಬಟನ್, ಬಟನ್' ಅಂದರೆ ಡಿಲೀಟ್. ಫೈಲಿನ ಗಾತ್ರವನ್ನೂ ಗಮನಿಸಿ. 128 ಕೆಬಿಪಿಎಸ್‌ನಲ್ಲಿ ಒಂದು ಗಂಟೆಗೆ ಸುಮಾರು 58 ಎಂಬಿ; ಸಿಡಿ ಗುಣಮಟ್ಟದ ವೇವ್ ಫೈಲಾದರೆ ಮೋನೋದಲ್ಲೂ 300 ದಾಟುತ್ತೆ.

ಇನ್ನು ಕನ್ನಡ. ಇಂಗ್ಲಿಷ್ ಮಾತನ್ನು ಚಂದ ಬರಹ ಮಾಡೋ ಆ್ಯಪ್‌ಗಳು ಎಲ್ಲವೂ ಕನ್ನಡಕ್ಕೆ ಬರಲ್ಲ. ಆಂಡ್ರಾಯ್ಡಿನ ಲೈವ್ ಟ್ರಾನ್ಸ್‌ಕ್ರೈಬ್ ಉಚಿತ, ಕನ್ನಡವೂ ಇದೆ. ಆದರೆ ಫ್ಯಾನ್ ಸದ್ದು, ಅರ್ಧ ಕನ್ನಡ ಅರ್ಧ ಇಂಗ್ಲಿಷಿನ ಪಾಠ ಸೇರಿದರೆ ಇಂಥ ಯಾವ ತಂತ್ರಜ್ಞಾನವೂ ಎಡವುತ್ತೆ. ಸನ್ನೆ ಭಾಷೆಯಲ್ಲಿ ಕಲಿಯುವ ಕಿವುಡ ವಿದ್ಯಾರ್ಥಿಗೆ ಬೇಕಾದ ದುಭಾಷಿಯ ಜಾಗಕ್ಕೆ ಆ್ಯಪ್ ತಂದಿಟ್ಟು ಕಾಲೇಜು ಕೈತೊಳೆದುಕೊಳ್ಳೋದನ್ನು ನಾನಂತೂ ಒಪ್ಪಲ್ಲ. ನೋಟ್ಸ್ ಕೊಡೋ ಮೇಷ್ಟ್ರುಗಳಲ್ಲಿ ಇನ್ನೊಂದು ಮನವಿ: ದಯವಿಟ್ಟು ಯೂನಿಕೋಡ್‌ನಲ್ಲಿ ಕೊಡಿ. ಹಳೇ ನುಡಿ ಫಾಂಟಿನ ಫೈಲು ಕಣ್ಣಿಗೆ ಕನ್ನಡ, ಸ್ಕ್ರೀನ್ ರೀಡರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು.

ಈಗ ಕಾನೂನಿಗೆ ಬರೋಣ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಮು, ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಿಕ್ಷಣ ಸಂಸ್ಥೆಗಳು ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು ಅನ್ನುತ್ತೆ. ಅದನ್ನು ನಿರಾಕರಿಸೋದನ್ನು ಕಾಯ್ದೆ ತಾರತಮ್ಯ ಅಂತಲೇ ಕರೆಯುತ್ತೆ. ಕ್ಲಾಸ್ ರೆಕಾರ್ಡಿಂಗ್ ಅಂತ ಹೆಸರಿಸಿಲ್ಲ ನಿಜ, ಆದರೆ ಫೋನ್ ಬೆಂಚಿನ ಮೇಲಿಡೋದಕ್ಕಿಂತ ಅಗ್ಗದ ಹೊಂದಾಣಿಕೆ ಯಾವುದಿದೆ? ಕಾಯ್ದೆಯಲ್ಲೊಂದು ತಮಾಷೆಯೂ ಇದೆ. 17ನೇ ಕಲಮಿನ ಪ್ರಕಾರ, ಶೇ. 40 ಅಥವಾ ಹೆಚ್ಚು ವೈಕಲ್ಯ ಇರುವವರಿಗೆ ಪುಸ್ತಕ, ಸಹಾಯಕ ಸಾಧನಗಳು ಉಚಿತ, 18 ವರ್ಷದವರೆಗೆ ಮಾತ್ರ. ಡಿಗ್ರಿ ಶುರುವಾಗೋದೇ ಆ ವಯಸ್ಸಿಗೆ.

ಮೇಷ್ಟ್ರ ಭಯವೂ ಸುಳ್ಳಲ್ಲ. ಪಾಠದ ಮೂವತ್ತು ಸೆಕೆಂಡ್ ಕತ್ತರಿಸಿ ಹರಿಬಿಟ್ಟು ಒಬ್ಬರ ಕೆಲಸಕ್ಕೇ ಕುತ್ತು ತರಬಹುದಾದ ಕಾಲ ಇದು. ಹಾಗಾಗಿ ನಾನು ಪ್ರಿನ್ಸಿಪಾಲರಿಗೆ ಕಾಯ್ದೆಯ ಕಲಮು ನಮೂದಿಸಿ ಅರ್ಜಿ ಬರೆದೆ: ರೆಕಾರ್ಡಿಂಗ್ ನನ್ನ ಓದಿಗೆ ಮಾತ್ರ, ಯಾರಿಗೂ ಕಳಿಸಲ್ಲ, ಪರೀಕ್ಷೆ ಮುಗಿದ ಮೇಲೆ ಅಳಿಸ್ತೀನಿ. ಸಹಿ, ಸೀಲು ಬಿತ್ತು. ಅದರ ಜೆರಾಕ್ಸ್ ಸದಾ ಬ್ಯಾಗಲ್ಲಿರುತ್ತೆ.

ಇತಿಹಾಸದ ಮೇಷ್ಟ್ರು ಈಗ ಬೋರ್ಡಲ್ಲಿ ಬರೆದದ್ದನ್ನು ಬಾಯಲ್ಲೂ ಹೇಳ್ತಾರೆ. ಮ್ಯಾಪ್ ಬಂದಾಗ ಮಾತ್ರ ಇನ್ನೂ 'ನೋಡಿ, ಇಲ್ಲಿಂದ ಇಲ್ಲಿಗೆ' ಅಂತಲೇ ಅಂತಾರೆ. ನನ್ನ ಫೋನಲ್ಲಿ ಅದು ಹಾಗೇ ರೆಕಾರ್ಡ್ ಆಗಿದೆ.