ಮನೆಯವರ ಕಣ್ಣಿಗೆ ಮಕ್ಕಳ ಆಟ
(ಬಾಲಿಕೆಯರ ಪಂದ್ಯಗಳ ನೇರಪ್ರಸಾರವನ್ನು ಕುರಿತು ಪಾಲಕರಿಗೂ ಪೂರ್ವವಿದ್ಯಾರ್ಥಿನಿಯರಿಗೂ ಕೆಲವು ಮಾತುಗಳು)

ಬಾಲಿಕೆಯರ ಶಿಕ್ಷಣದಲ್ಲಿ ಪಾಠದಂತೆಯೇ ಆಟಕ್ಕೂ ಸ್ಥಾನವುಂಟೆಂಬುದನ್ನು ಇಂದು ಅಲ್ಲಗಳೆಯುವವರು ವಿರಳರು. ಆದರೆ ಬಾಯಿಂದ ಒಪ್ಪುವುದು ಬೇರೆ, ಮನಸಾರೆ ಒಪ್ಪುವುದು ಬೇರೆ. ಎಂಟನೆಯ ಇಯತ್ತೆಯಲ್ಲಿ ಉತ್ಸಾಹದಿಂದ ಖೋ-ಖೋ ಆಡುತ್ತಿದ್ದ ಹುಡುಗಿಯು ಹತ್ತನೆಯ ಇಯತ್ತೆಗೆ ಬರುವಷ್ಟರಲ್ಲಿ ಅಂಗಳದಿಂದ ಮರೆಯಾಗುವುದನ್ನು ಬಾಲಿಕೆಯರ ಶಾಲೆಗಳ ಸಹವಾಸವುಳ್ಳ ನಾವೆಲ್ಲರೂ ಕಾಣುತ್ತಲೇ ಇದ್ದೇವೆ. ಕಾರಣವನ್ನು ಕೇಳಿದರೆ, ಮನೆಯಲ್ಲಿ ಬೇಡವೆಂದರು ಎಂಬ ಉತ್ತರವು ಬರುವುದು. ಬೇಡವೆಂದವರು ಆ ಆಟವನ್ನು ಒಂದು ಸಲವಾದರೂ ಕಂಡವರೋ ಎಂದು ವಿಚಾರಿಸಿದರೆ, ಅನೇಕ ವೇಳೆ ಕಂಡವರಲ್ಲ. ಕಾಣದ ವಸ್ತುವಿನ ವಿಷಯದಲ್ಲಿ ಶಂಕೆ ಹುಟ್ಟುವುದು ಸಹಜ. ಕಂಡ ವಸ್ತುವಿನ ವಿಷಯದಲ್ಲಿ ವಿಚಾರ ಹುಟ್ಟುವುದು ಸಾಧ್ಯ. ಈ ಲೇಖನದ ಅಭಿಪ್ರಾಯವೆಲ್ಲವೂ ಇದರಲ್ಲಿಯೇ ಅಡಗಿದೆ.

ಇದರಲ್ಲಿ ಪಾಲಕರ ದೋಷವೇನೂ ಇಲ್ಲ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಒಂದೇ ರೈಲುದಾರಿಯ ಮೇಲೆ ಒಂದರ ಮುಂದೊಂದು ಇರುವ ಊರುಗಳು. ೧೯೯೭ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಗೆ ಸೇರಿದವು. ಒಂದೂರಿನ ತಂಡವು ಮತ್ತೊಂದೂರಿಗೆ ಹೋಗಿ ಆಡಿ ಬರುವುದು ಹುಡುಗಿಯರಿಗೆ ಒಂದು ದಿನದ ಕೆಲಸ. ಆದರೆ ಆ ಒಂದು ದಿನವೇ ಪಾಲಕರ ಕೈಯಲ್ಲಿಲ್ಲ. ಶಾಲಾ ಕ್ರೀಡಾಕೂಟಗಳು ಬಹುಮಟ್ಟಿಗೆ ಮಳೆಗಾಲದ ಉತ್ತರಾರ್ಧದಲ್ಲಿ ನಡೆಯುವವು. ಗೋವಿನಜೋಳ, ಹತ್ತಿಗಳ ಹೊಲದಲ್ಲಿ ಕೆಲಸವು ಕೈಬಿಡದ ಕಾಲವೂ ಅದೇ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತುಂಬು ಬಿಡಿಸುವ ತಾಯಿಗೆ ಒಂದು ದಿನ ತಪ್ಪಿದರೆ ಒಂದು ದಿನದ ಕೂಲಿಯು ತಪ್ಪಿತು. ರಾಣೆಬೆನ್ನೂರಿನ ಅಂಗಡಿಯಲ್ಲಿ ದುಡಿಯುವ ತಂದೆಗೆ ಮಧ್ಯಾಹ್ನದ ಹೊತ್ತು ಬಿಡುವಿಲ್ಲ. ಅಣ್ಣನು ಬೆಂಗಳೂರಿನಲ್ಲಿ, ಅಜ್ಜಿಗೆ ಬಸ್ಸು ಹತ್ತುವ ಶಕ್ತಿಯಿಲ್ಲ. ಹೀಗೆ ಹುಡುಗಿಯು ಗೆದ್ದರೂ ಸೋತರೂ ಮನೆಯವರ ಪಾಲಿಗೆ ಅದು ಸಾಯಂಕಾಲ ಕೇಳುವ ಒಂದು ವರದಿ ಮಾತ್ರ.

ನಮ್ಮ ಸೀಮೆಯಲ್ಲಿಯೇ ಇದಕ್ಕೆ ವಿರುದ್ಧವಾದ ಒಂದು ದೃಷ್ಟಾಂತವುಂಟು. ದೀಪಾವಳಿಯ ತರುವಾಯ ನಡೆಯುವ ಕೊಬ್ಬರಿ ಹೋರಿಯ ಓಟವನ್ನು ತರುಣರು ಮೊಬೈಲ್ ಫೋನುಗಳಲ್ಲಿ ಹಿಡಿದು ಯೂಟ್ಯೂಬಿನ ಮುಖಾಂತರ ಊರೂರಿಗೂ ತೋರಿಸುತ್ತಾರೆ. ಹೋರಿಯ ಹೆಸರು, ಅದರ ಶೃಂಗಾರ, ಅದರ ಓಟ ಎಲ್ಲವೂ ಪರಸ್ಥಳದಲ್ಲಿರುವವರ ಬಾಯಲ್ಲಿಯೂ ಇರುವವು. ಆ ಹಬ್ಬದ ಸಂಭ್ರಮವನ್ನು ನಾವು ಹಳಿಯುವವರಲ್ಲ. ಆದರೆ ಊರ ಹೋರಿಯನ್ನು ಸಾವಿರಾರು ಕಣ್ಣುಗಳು ಕಾಣುತ್ತಿರಲು, ಮನೆಯ ಮಗಳ ಆಟವನ್ನು ಹೆತ್ತ ತಾಯಿಯ ಎರಡು ಕಣ್ಣುಗಳೂ ಕಾಣದೆ ಹೋಗುವುದು ವಿಚಾರಮಾಡತಕ್ಕ ಸಂಗತಿಯಲ್ಲವೇ?

ದೂರದಲ್ಲಿ ನಡೆಯುವುದನ್ನು ಮನೆಗೆ ತರುವ ಪ್ರಯತ್ನವು ಹೊಸದಲ್ಲ. ಮೈಸೂರಿನಲ್ಲಿ ೧೯೩೫ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಆಕಾಶವಾಣಿ ಕೇಂದ್ರವನ್ನು ಆರಂಭಿಸಿದರು. ೧೯೫೦ರ ಜನವರಿಯಲ್ಲಿ ಧಾರವಾಡದ ಕೇಂದ್ರವು ಪ್ರಾರಂಭವಾಗಿ ನಮ್ಮ ಭಾಗದ ಮನೆಗಳಿಗೆ ನಮ್ಮ ನುಡಿಯನ್ನೇ ತಂದಿತು. ೧೯೮೨ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡಾಕೂಟವು ಬಣ್ಣದ ದೂರದರ್ಶನದಲ್ಲಿ ಬಂದಿತು. ೨೦೧೪ರಲ್ಲಿ ಪ್ರೊ ಕಬಡ್ಡಿ ಪಂದ್ಯಾವಳಿಯು ಪ್ರಾರಂಭವಾದಂದಿನಿಂದ, ಮಣ್ಣಿನ ಅಂಗಳದ ಆಟವೆಂದು ಉಪೇಕ್ಷಿಸಲ್ಪಟ್ಟಿದ್ದ ಕಬಡ್ಡಿಯು ಮನೆಮನೆಯ ಮಾತಾಯಿತು. ೨೦೨೫ರ ಜನವರಿಯಲ್ಲಿ ದಿಲ್ಲಿಯಲ್ಲಿ ನಡೆದ ಮೊದಲನೆಯ ಖೋ-ಖೋ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಭಾರತದ ಮಹಿಳೆಯರು ನೇಪಾಳವನ್ನು ೭೮–೪೦ರಿಂದ ಸೋಲಿಸಿದರು. ಆ ತಂಡದಲ್ಲಿದ್ದ ಬಿ. ಚೈತ್ರಾ ಮೈಸೂರು ಜಿಲ್ಲೆಯ ಕುರುಬೂರೆಂಬ ಹಳ್ಳಿಯವರು. ಏಷ್ಯನ್ ಕ್ರೀಡಾಕೂಟದ ಚಿನ್ನದ ಪದಕವನ್ನು ೨೦೧೦ರಲ್ಲಿಯೂ ೨೦೧೪ರಲ್ಲಿಯೂ ಗೆದ್ದ ಕಬಡ್ಡಿ ತಂಡಗಳಲ್ಲಿದ್ದ ಮಮತಾ ಪೂಜಾರಿಯವರು ಕಾರ್ಕಳ ತಾಲೂಕಿನ ಹಳ್ಳಿಯವರು. ಇಂಥವರ ಪಂದ್ಯಗಳು ಎಲ್ಲರ ಕಣ್ಣಿಗೂ ಬೀಳುವವು. ಆದರೆ ಇಂಥವರೂ ಒಂದು ಕಾಲಕ್ಕೆ ಶಾಲೆಯ ಅಂಗಳದಲ್ಲಿ ಆಡಿದ ಬಾಲಿಕೆಯರೇ. ತಾಲೂಕಿನ ಪಂದ್ಯವನ್ನು ತೋರಿಸಲು ದೊಡ್ಡ ಸಂಸ್ಥೆಗಳು ಬರಲಾರವು. ಅದನ್ನು ನಾವೇ ಮಾಡಿಕೊಳ್ಳಬೇಕು. ೨೦೧೬ರ ತರುವಾಯ ಇಂಟರ್ನೆಟ್ಟು ಅಗ್ಗವಾಗಿ ಹಳ್ಳಿಗಳವರೆಗೂ ಬಂದಿರುವುದರಿಂದ ಇದು ಈಗ ಸಾಧ್ಯವಾಗಿದೆ.

ನೇರಪ್ರಸಾರವೆಂದರೆ ಏನೆಂಬುದನ್ನು ಸಂಕ್ಷೇಪವಾಗಿ ಹೇಳುವೆವು. ಅಂಗಳದ ಪಕ್ಕದಲ್ಲಿ ನಿಲ್ಲಿಸಿದ ಫೋನು ಆಟದ ಚಿತ್ರವನ್ನು ಹಿಡಿದು, ಇಂಟರ್ನೆಟ್ಟಿನ ಮೂಲಕ ದೂರದ ಯಂತ್ರಾಲಯಕ್ಕೆ ಕಳುಹಿಸುವುದು. ಅಲ್ಲಿ ಆ ಚಿತ್ರವು ಹಲವು ಗಾತ್ರಗಳಾಗಿ ಸಿದ್ಧವಾಗಿ, ನೋಡುವವರ ಫೋನಿನ ಶಕ್ತಿಗೆ ತಕ್ಕಂತೆ ಹಂಚಲ್ಪಡುವುದು. ಈ ಪ್ರಯಾಣಕ್ಕೆ ಸಮಯ ತಗಲುವುದರಿಂದ ಮನೆಯಲ್ಲಿ ಕಾಣುವ ಆಟವು ಅಂಗಳದ ಆಟಕ್ಕಿಂತ ಹಲವು ಸೆಕೆಂಡುಗಳಷ್ಟು, ಕೆಲವೊಮ್ಮೆ ಅರ್ಧ ನಿಮಿಷದಷ್ಟು ಹಿಂದೆ ಇರುವುದು. ಆದುದರಿಂದ ಚಿತ್ರವು ತಡವಾಗಿ ಬಂದರೆ ಯಾರೂ ಗಾಬರಿಯಾಗಬೇಕಾದುದಿಲ್ಲ.

ಇದಕ್ಕೆ ಬೇಕಾಗುವ ಸಾಮಗ್ರಿಯು ಅಲ್ಪ: ಒಂದು ಒಳ್ಳೆಯ ಫೋನು, ಅದನ್ನು ಅಲುಗದಂತೆ ಹಿಡಿಯುವ ಮುಕ್ಕಾಲಿ, ವಿದ್ಯುತ್ತನ್ನು ತುಂಬಿಟ್ಟುಕೊಂಡ ಬ್ಯಾಟರಿ. ಸ್ಪಷ್ಟವಾದ ಚಿತ್ರವನ್ನು ಒಂದು ಗಂಟೆಯ ಹೊತ್ತು ಕಳುಹಿಸಲು ಸುಮಾರು ಒಂದು ಗಿಗಾಬೈಟಿನಷ್ಟು ಡೇಟಾ ಬೇಕು. ಸಾಧಾರಣ ಚಿತ್ರಕ್ಕೆ ಅದರ ಅರ್ಧ ಸಾಕು. ನೋಡುವವರಿಗೂ ಹೆಚ್ಚುಕಡಿಮೆ ಇಷ್ಟೇ ವೆಚ್ಚ. ಅಂಗಳದಲ್ಲಿ ಜನ ಕೂಡಿದಾಗ ಎಲ್ಲರ ಫೋನುಗಳೂ ಒಂದೇ ಗೋಪುರವನ್ನು ಆಶ್ರಯಿಸುವುದರಿಂದ ವೇಗವು ಕುಗ್ಗುವುದು. ಹಿಂದಿನ ದಿನವೇ ಅದೇ ಸ್ಥಳದಿಂದ ಪರೀಕ್ಷಿಸಿ ನೋಡತಕ್ಕದ್ದು. ಬಿಸಿಲಿನಲ್ಲಿ ಫೋನು ಕಾದು ತಾನೇ ನಿಂತುಹೋಗುವುದರಿಂದ ಅದಕ್ಕೊಂದು ನೆರಳು ಬೇಕು. ಸೂರ್ಯನು ಚಿತ್ರ ಹಿಡಿಯುವವರ ಬೆನ್ನ ಹಿಂದೆ ಇರಬೇಕು. ಖೋ-ಖೋ ಅಂಗಳವು ೨೭ ಮೀಟರು ಉದ್ದ, ೧೬ ಮೀಟರು ಅಗಲ; ಅದರ ಉದ್ದದ ಬದಿಯ ನಟ್ಟನಡುವೆ ಸ್ವಲ್ಪ ಎತ್ತರದಲ್ಲಿ ಫೋನನ್ನಿಟ್ಟರೆ ಎರಡು ಕಂಬಗಳೂ ಕಾಣುವವು. ಮಹಿಳೆಯರ ಕಬಡ್ಡಿ ಅಂಗಳವು ೧೨ಕ್ಕೆ ೮ ಮೀಟರು ಮಾತ್ರವಾದುದರಿಂದ ಅದನ್ನು ತೋರಿಸುವುದು ಇನ್ನೂ ಸುಲಭ. ಚಿತ್ರವು ಯಾವಾಗಲೂ ಇಡೀ ಅಂಗಳದ್ದಾಗಿರಬೇಕೇ ಹೊರತು ಒಬ್ಬ ಹುಡುಗಿಯ ಬೆನ್ನಟ್ಟುವಂಥದಾಗಿರಕೂಡದು. ಇದು ಆಟಕ್ಕೂ ಒಳ್ಳೆಯದು, ಹುಡುಗಿಯ ಮರ್ಯಾದೆಗೂ ಒಳ್ಳೆಯದು.

ಚಿತ್ರದಷ್ಟೇ ಮುಖ್ಯವಾದುದು ಮಾತು. ಆಟದ ನಿಯಮವನ್ನರಿಯದ ತಾಯಿಗೆ ಬರಿಯ ಓಟವು ಗೊಂದಲವಾಗಿ ತೋರುವುದು. ಎಂಟು ಮಂದಿ ಒಬ್ಬರು ಬಿಟ್ಟು ಒಬ್ಬರು ಎದುರುಬದುರು ಮುಖಮಾಡಿ ಕುಳಿತಿರುವರು, ಒಂಬತ್ತನೆಯವಳು ಅಟ್ಟುವವಳು, ಒಮ್ಮೆ ಒಂದು ದಿಕ್ಕಿಗೆ ಹೊರಟ ಮೇಲೆ ಅವಳು ನಡುವೆ ಹಿಂದಿರುಗುವಂತಿಲ್ಲ, ಕುಳಿತವಳಿಗೆ ಬೆನ್ನ ಹಿಂದಿನಿಂದಲೇ ಖೋ ಕೊಡಬೇಕು—ಇಷ್ಟನ್ನು ತಿಳಿದ ಧ್ವನಿಯೊಂದು ನಮ್ಮ ಸೀಮೆಯ ಕನ್ನಡದಲ್ಲಿ ಹೇಳುತ್ತಿದ್ದರೆ, ಆ ಓಟದಲ್ಲಿ ಎಷ್ಟು ಬುದ್ಧಿ ಅಡಗಿದೆಯೆಂಬುದು ಮನೆಯವರಿಗೆ ಗೊತ್ತಾಗುವುದು. ಈ ಕೆಲಸಕ್ಕೆ ಹಿಂದೆ ಇದೇ ಆಟವನ್ನಾಡಿದ ಪೂರ್ವವಿದ್ಯಾರ್ಥಿನಿಯರಿಗಿಂತ ತಕ್ಕವರು ಯಾರು?

ಇನ್ನು ಅಪಾಯಗಳ ವಿಚಾರ. ಇವುಗಳನ್ನು ಮುಚ್ಚಿಡುವುದು ನಮಗೆ ಸಮ್ಮತವಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯವು ೨೦೨೧ರಲ್ಲಿ ಕಲಾಪಗಳ ನೇರಪ್ರಸಾರವನ್ನು ಪ್ರಯೋಗರೂಪವಾಗಿ ಆರಂಭಿಸಿ, ೨೦೨೨ರ ಜನವರಿಯಿಂದ ಅದಕ್ಕೆ ನಿಯಮಗಳನ್ನೂ ಜಾರಿಗೆ ತಂದಿತು. ಆದರೂ ೨೦೨೩ರ ಡಿಸೆಂಬರಿನಲ್ಲಿ ದುಷ್ಟರು ನ್ಯಾಯಾಲಯದ ವಿಡಿಯೋ ಸಭೆಯೊಳಗೆ ನುಗ್ಗಿ ಅಶ್ಲೀಲ ಚಿತ್ರಗಳನ್ನು ತೋರಿಸಿದ್ದರಿಂದ ಆ ವ್ಯವಸ್ಥೆಯನ್ನು ಸ್ವಲ್ಪ ಕಾಲ ನಿಲ್ಲಿಸಬೇಕಾಯಿತು. ೨೦೨೪ರ ಸೆಪ್ಟೆಂಬರಿನಲ್ಲಿ, ಪ್ರಸಾರದ ತುಣುಕುಗಳನ್ನು ಕತ್ತರಿಸಿ ಹರಡುವುದನ್ನು ನ್ಯಾಯಾಲಯವೇ ಆಜ್ಞೆಯ ಮೂಲಕ ತಡೆಯಬೇಕಾಯಿತು. ನ್ಯಾಯಾಲಯಕ್ಕೆ ಬಂದ ತೊಂದರೆಯು ಶಾಲೆಗೆ ಬರಲಾರದೆನ್ನುವುದು ಹೇಗೆ? ಇದರಿಂದ ಎರಡು ಪಾಠಗಳನ್ನು ಕಲಿಯಬಹುದು. ನೋಡುವವರೂ ತಮ್ಮ ಚಿತ್ರವನ್ನು ಒಳತರಬಹುದಾದ ಸಭೆಯ ವ್ಯವಸ್ಥೆಯನ್ನು ಪಂದ್ಯಕ್ಕೆ ಬಳಸಬಾರದು. ಒಂದೇ ಕಡೆಯಿಂದ ಹೋಗುವ ಪ್ರಸಾರವೇ ಇರಬೇಕು. ಒಮ್ಮೆ ಹೊರಹೋದ ಚಿತ್ರವನ್ನು ಪೂರ್ತಿಯಾಗಿ ಮರಳಿ ತರುವುದು ಅಸಾಧ್ಯವೆಂಬುದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಕಾಯಿದೆಯೂ ಈ ವಿಷಯದಲ್ಲಿ ಮೌನವಾಗಿಲ್ಲ. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ೨೦೨೩ರಲ್ಲಿ ಸಂಸತ್ತು ಮಾಡಿದ ಶಾಸನವು ೧೮ ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದೇ ಎಣಿಸಿ, ಪಾಲಕರ ಖಚಿತವಾದ ಒಪ್ಪಿಗೆಯನ್ನು ಕೇಳುವುದು. ಯೂಟ್ಯೂಬಿನವರು ೨೦೨೫ರ ಜುಲೈಯಿಂದ, ನೇರಪ್ರಸಾರ ಮಾಡುವವರಿಗೆ ಕನಿಷ್ಠ ೧೬ ವರ್ಷವಾಗಿರಬೇಕೆಂದು ವಿಧಿಸಿದ್ದಾರೆ. ಆದುದರಿಂದ ಪ್ರಸಾರದ ಖಾತೆಯು ಶಾಲೆಯದಾಗಿ, ಶಿಕ್ಷಕಿಯೊಬ್ಬರ ಅಧೀನದಲ್ಲಿರಬೇಕು; ವಿದ್ಯಾರ್ಥಿನಿಯ ಸ್ವಂತ ಖಾತೆಯಾಗಿರಕೂಡದು. ಪ್ರಸಾರದಲ್ಲಿ ಮೂರು ವಿಧಗಳುಂಟು: ಸರ್ವರಿಗೂ ತೆರೆದದ್ದು, ಹುಡುಕಿದರೆ ಸಿಕ್ಕದೆ, ವಿಳಾಸದ ಕೊಂಡಿಯನ್ನು ಪಡೆದವರಿಗೆ ಮಾತ್ರ ತೆರೆಯುವಂಥದು, ಹೆಸರಿಸಿ ಕರೆದವರಿಗಷ್ಟೇ ಕಾಣುವಂಥದು. ಶಾಲೆಯ ಪಂದ್ಯಗಳಿಗೆ ಎರಡನೆಯದು ಅನುಕೂಲ. ಆದರೆ ಅದು ಮುಚ್ಚಿದ ಬಾಗಿಲೇ ಹೊರತು ಬೀಗ ಹಾಕಿದ ಬಾಗಿಲಲ್ಲ. ಕೊಂಡಿಯನ್ನು ಪಡೆದವರು ಅದನ್ನು ಮತ್ತೊಬ್ಬರಿಗೆ ಕಳುಹಿಸಿದರೆ ಬಾಗಿಲು ತೆರೆಯುವುದು. ಪ್ರೇಕ್ಷಕರು ಅಭಿಪ್ರಾಯ ಬರೆಯುವ ಸ್ಥಳವನ್ನು ಮುಚ್ಚಿಡಬೇಕು. ಹುಡುಗಿಯರನ್ನು ಅಂಗಿಯ ಮೇಲಿನ ಅಂಕೆಯಿಂದ ಕರೆಯಬೇಕಲ್ಲದೆ ಅಡ್ಡಹೆಸರು, ಊರುಗಳನ್ನು ಹೇಳಬಾರದು. ಪಂದ್ಯ ಮುಗಿದು ಕೆಲವು ದಿನಗಳಾದ ಮೇಲೆ ಚಿತ್ರವನ್ನು ತೆಗೆದುಹಾಕಬೇಕು.

ಇವೆಲ್ಲಕ್ಕಿಂತ ಮಿಗಿಲಾದ ನಿಯಮವೊಂದುಂಟು. ಒಪ್ಪಿಗೆಯನ್ನು ಪಾಲಕರಿಂದ ಪಡೆಯುವುದಲ್ಲದೆ ಹುಡುಗಿಯಿಂದಲೂ ಪಡೆಯಬೇಕು; ಎದುರಾಳಿ ತಂಡದವರಿಂದಲೂ ಪಡೆಯಬೇಕು. ತಂಡದಲ್ಲಿ ಒಬ್ಬಳ ಮನೆಯವರು ಬೇಡವೆಂದರೆ ಆ ಪಂದ್ಯದ ಪ್ರಸಾರವು ನಿಲ್ಲಬೇಕು. ಪ್ರಸಾರಕ್ಕಾಗಿ ಆಟಗಾರ್ತಿಯನ್ನು ಬಿಡತಕ್ಕದ್ದಲ್ಲ. ಆಟಗಾರ್ತಿಗಾಗಿ ಪ್ರಸಾರವನ್ನು ಬಿಡತಕ್ಕದ್ದು. ಇದನ್ನು ಮೀರಿದರೆ, ಹುಡುಗಿಯರನ್ನು ಅಂಗಳದಲ್ಲಿ ಉಳಿಸಿಕೊಳ್ಳುವುದಕ್ಕೆಂದು ತಂದ ಸಾಧನವೇ ಅವರನ್ನು ಅಂಗಳದಿಂದ ಹೊರಹಾಕುವ ಸಾಧನವಾದೀತು.

ಫೋನಿನಲ್ಲಿಯೇ ಕಾಣುವುದಾದರೆ ಅಂಗಳಕ್ಕೆ ಹೋಗುವುದೇತಕ್ಕೆಂದು ಕೆಲವರು ಕೇಳಬಹುದು. ಬರಲು ಸಾಧ್ಯವಿದ್ದವರು ಬರಲೇಬೇಕೆಂಬುದು ನಮ್ಮ ಉತ್ತರ. ಆಟ ಮುಗಿದಾಗ ಮಗಳ ಬೆವರನ್ನೊರೆಸುವ ಕೈಯನ್ನು ಯಾವ ಯಂತ್ರವೂ ಕಳುಹಿಸಲಾರದು. ಪ್ರಸಾರವು ಬರಲಾರದವರಿಗೆ ಊರುಗೋಲು; ನಡೆಯಬಲ್ಲವರಿಗೆ ಅದರ ಅವಶ್ಯಕತೆಯಿಲ್ಲ. ಹುಡುಗಿಯರ ಕೈಗೆ ಫೋನು ಬರುವುದೆಂಬ ಭಯವೂ ಬೇಡ. ಆಡುವವಳು ಅಂಗಳದಲ್ಲಿರುವಳು, ಫೋನು ತಾಯಿಯ ಕೈಯಲ್ಲಿರುವುದು.

ಮನೆಯಲ್ಲಿ ನೋಡುವವರಿಗೂ ಕೆಲವು ಶಿಷ್ಟಾಚಾರಗಳುಂಟು. ಒಬ್ಬೊಬ್ಬರೇ ಮೂಲೆಯಲ್ಲಿ ನೋಡದೆ ಅಜ್ಜಿ, ತಮ್ಮ, ನೆರೆಯವರನ್ನು ಕೂಡಿಸಿಕೊಂಡು ನೋಡಿರಿ. ಚಿತ್ರದ ತುಣುಕುಗಳನ್ನು ವಾಟ್ಸಾಪಿನಲ್ಲಿ ಕಳುಹಿಸಬೇಡಿರಿ. ಆ ತುಣುಕಿನಲ್ಲಿ ನಿಮ್ಮ ಮಗಳಷ್ಟೇ ಅಲ್ಲ, ಪರರ ಮಕ್ಕಳೂ ಇರುವರು. ಪಂಚರ ತೀರ್ಪನ್ನು ಮನೆಯಿಂದ ಖಂಡಿಸಬೇಡಿರಿ. ಒಂದು ಫೋನು ಒಂದೇ ಮಗ್ಗುಲಿನಿಂದ ನೋಡುವುದು, ಪಂಚರು ಹತ್ತಿರದಿಂದ ನೋಡುವರು. ಮುಖ್ಯವಾಗಿ, ಸಾಯಂಕಾಲ ಮನೆಗೆ ಬಂದವಳಿಗೆ ಅವಳು ಎಡವಿದ್ದನ್ನು ಮೊದಲು ಹೇಳಬೇಡಿರಿ. ಎಡವಿದ್ದು ಅವಳಿಗೆ ಗೊತ್ತು. ಎಡವಿ ಎದ್ದದ್ದನ್ನು ನೀವು ಕಂಡಿರೆಂಬುದು ಅವಳಿಗೆ ಗೊತ್ತಾಗಬೇಕು.

ಪೂರ್ವವಿದ್ಯಾರ್ಥಿನಿಯರಾದ ಸೋದರಿಯರಲ್ಲಿ ನಮ್ಮ ವಿಜ್ಞಾಪನೆಯು ಬೇರೊಂದುಂಟು. ನಿಮ್ಮಲ್ಲಿ ಅನೇಕರು ಹುಬ್ಬಳ್ಳಿ, ಪುಣೆ, ಬೆಂಗಳೂರುಗಳಲ್ಲಿಯೂ ಕೆಲವರು ಪರದೇಶಗಳಲ್ಲಿಯೂ ಸಂಸಾರ ಹೂಡಿದ್ದೀರಿ. ನೀವು ಆಡಿದ ಕಾಲಕ್ಕೆ ನಿಮ್ಮ ಆಟವನ್ನು ಮನೆಯವರಿಗೆ ತೋರಿಸುವ ಉಪಾಯವಿರಲಿಲ್ಲ; ಆಡುವುದನ್ನು ನಿಲ್ಲಿಸೆಂದಾಗ ನಿಮ್ಮ ಪರವಾಗಿ ಮಾತಾಡುವವರೂ ವಿರಳರಾಗಿದ್ದರು. ಇಂದಿನ ಹುಡುಗಿಯರಿಗೆ ಆ ಮಾತನ್ನು ನೀವು ಆಡಬಲ್ಲಿರಿ. ಒಂದು ಮುಕ್ಕಾಲಿಯನ್ನು ಕೊಡಿಸುವವರು ಕೊಡಿಸಿರಿ. ಆಟವನ್ನು ವಿವರಿಸಬಲ್ಲವರು ಬಂದು ವಿವರಿಸಿರಿ. ಅನುಮಾನಿಸುವ ತಾಯಿಯ ಪಕ್ಕದಲ್ಲಿ ಕುಳಿತು ಒಂದು ಪಂದ್ಯವನ್ನು ಅವಳೊಡನೆ ನೋಡಿರಿ.

ಆಮೇಲೂ ತಾಯಿಯು ಬೇಡವೆಂದರೆ ಅದು ಅವಳ ವಿಚಾರ. ನಾವು ಅದನ್ನು ಗೌರವಿಸುವೆವು. ಆದರೆ ಆ ಮಾತು ಮಗಳ ಆಟವನ್ನು ಕಂಡ ಮೇಲೆ ಬರಲಿ, ಕಾಣುವ ಮೊದಲು ಬರದಿರಲಿ. ಈ ವರ್ಷದ ಪಂದ್ಯಗಳ ಕಾಲಕ್ಕೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಪಾಲಕರು ಇಷ್ಟಕ್ಕೆ ಸಮ್ಮತಿಸುವರೆಂದು ನಾವು ನಂಬಿದ್ದೇವೆ.