ಗೇಮ್ ಸೋತರೆ ಸಂಬಳ ಯಾರದ್ದು ಕಟ್? ನಿಂಟೆಂಡೊ ಲೆಕ್ಕಾಚಾರ

2014ರ ಜನವರಿ. ಜಪಾನಿನ ಕ್ಯೋಟೋ ನಗರದ ನಿಂಟೆಂಡೊ ಕಂಪನಿ ಕೆಟ್ಟ ಸುದ್ದಿ ಹೊತ್ತು ಹೂಡಿಕೆದಾರರ ಮುಂದೆ ಬಂತು. ಆ ಹಣಕಾಸು ವರ್ಷದಲ್ಲಿ 90 ಲಕ್ಷ 'ವೀ ಯು' ಗೇಮ್ ಕನ್ಸೋಲ್ ಮಾರುತ್ತೇವೆ ಅಂತ ಹೇಳಿದ್ದ ಕಂಪನಿ, ತನ್ನ ಅಂದಾಜನ್ನು 28 ಲಕ್ಷಕ್ಕೆ ಇಳಿಸಿತು. ಸತತ ಮೂರನೇ ವರ್ಷವೂ ವ್ಯವಹಾರ ನಷ್ಟದಲ್ಲೇ ಮುಗಿಯೋದು ಖಚಿತವಾಗಿತ್ತು. ಇಂಥ ಸುದ್ದಿಯ ಮುಂದಿನ ಸಾಲು ಏನಿರುತ್ತೆ ಅಂತ ನಮ್ಮ ತಲೆಮಾರಿಗೆ ಬಾಯಿಪಾಠ: "ಪುನರ್‌ರಚನೆಯ ಭಾಗವಾಗಿ ಇಷ್ಟು ಸಾವಿರ ಉದ್ಯೋಗಿಗಳನ್ನು..."

ಆದರೆ ಬಂದದ್ದು ಬೇರೆ ಸಾಲು. ಅಧ್ಯಕ್ಷ ಸತೋರು ಇವಾಟ ಐದು ತಿಂಗಳು ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡರು. ಉಳಿದ ನಿರ್ದೇಶಕರ ಸಂಬಳದಲ್ಲಿ ಶೇ. 20ರಿಂದ 30ರಷ್ಟು ಕಡಿತ. ಮಾರಿಯೋ ಪಾತ್ರದ ಸೃಷ್ಟಿಕರ್ತ ಶಿಗೆರು ಮಿಯಾಮೋಟೊ ಅವರಿಗೂ ವಿನಾಯಿತಿ ಇರಲಿಲ್ಲ.

ಸೋಷಿಯಲ್ ಮೀಡಿಯಾದಲ್ಲಿ ಈ ಕಥೆ ವರ್ಷಕ್ಕೆ ಎರಡು ಸಲ ಸುತ್ತು ಹೊಡೆಯುತ್ತೆ. ಯಾವುದೋ ಕಂಪನಿ ಜನರನ್ನು ಮನೆಗೆ ಕಳಿಸಿದಾಗಲೆಲ್ಲ ಇವಾಟ ಅವರ ಫೋಟೊ ಹಾಕಿ, 'ನಾಯಕ ಅಂದ್ರೆ ಇವರಪ್ಪ' ಅಂತ ಶೇರ್ ಮಾಡ್ತಾರೆ. ಅವರು ಒಳ್ಳೆಯ ಮನುಷ್ಯರೇ ಇರಬಹುದು. ಆದರೆ ಒಬ್ಬರ ಒಳ್ಳೆಯತನವನ್ನು ಹೊಗಳಿ ಸುಮ್ಮನಾದರೆ, ಆ ಒಳ್ಳೆಯತನ ಸಾಧ್ಯವಾದದ್ದು ಹೇಗೆ ಅನ್ನುವ ಪ್ರಶ್ನೆ ಮೂಲೆಗೆ ಬೀಳುತ್ತೆ. ಉತ್ತರದ ದೊಡ್ಡ ಭಾಗ ಕಂಪನಿ ತಯಾರಿಸುವ ಯಂತ್ರದ ಒಳಗೇ ಇದೆ ಅನ್ನೋದು ನನ್ನ ವಾದ.

ಪಳಗಿದ ಚಿಪ್ಪು, ಹೊಸ ಆಟ

ನಿಂಟೆಂಡೊ ಯಾವುದು ಅಂತ ಕೇಳುವವರಿಗೆ ಒಂದು ನೆನಪು: 90ರ ದಶಕದಲ್ಲಿ ನಮ್ಮೂರುಗಳಲ್ಲಿ ಟಿವಿಗೆ ಸಿಕ್ಕಿಸಿ, ಹಳದಿ ಕ್ಯಾಸೆಟ್ ಹಾಕಿ, ಮಾರಿಯೋ ಆಡುತ್ತಿದ್ದ 'ವಿಡಿಯೋ ಗೇಮ್' ಡಬ್ಬಗಳಲ್ಲಿ ಬಹುಪಾಲು ನಿಂಟೆಂಡೊ 1983ರಲ್ಲಿ ತಂದ ಫ್ಯಾಮಿಕಾಮ್ ಯಂತ್ರದ ನಕಲು. ಅಸಲಿ ಕಂಪನಿ ಶುರುವಾದದ್ದು 1889ರಲ್ಲಿ, ಇಸ್ಪೀಟಿನಂಥ ಜಪಾನಿ ಎಲೆಗಳನ್ನು ಮಾಡುವುದಕ್ಕೆ.

1965ರಲ್ಲಿ ಆ ಕಾರ್ಖಾನೆಯ ಯಂತ್ರಗಳನ್ನು ರಿಪೇರಿ ಮಾಡೋಕೆ ಗುನ್‌ಪೇ ಯೊಕೊಯಿ ಅನ್ನುವ ಇಂಜಿನಿಯರ್ ಸೇರಿದರು. ಬಿಡುವಿನಲ್ಲಿ ಅವರು ಮಾಡಿಕೊಂಡಿದ್ದ, ಚಾಚಿ ವಸ್ತು ಹಿಡಿಯುವ ಒಂದು ಆಟಿಕೆ ಅಧ್ಯಕ್ಷ ಹಿರೋಶಿ ಯಮಾವುಚಿ ಕಣ್ಣಿಗೆ ಬಿತ್ತು. ಬೈಗುಳ ನಿರೀಕ್ಷಿಸಿದ್ದವರಿಗೆ 'ಇದನ್ನೇ ಮಾರಾಟಕ್ಕೆ ತಯಾರು ಮಾಡು' ಅಂತ ಆದೇಶ ಸಿಕ್ಕಿತು. ಹಾಗೆ ಆಟಿಕೆ ವಿಭಾಗಕ್ಕೆ ಬಂದ ಯೊಕೊಯಿ, ಕಂಪನಿಗೆ ಒಂದು ಸಿದ್ಧಾಂತ ಬಿಟ್ಟುಹೋದರು. ಅದನ್ನು ಇಂಗ್ಲಿಷಿನವರು 'ಬಾಡಿದ ತಂತ್ರಜ್ಞಾನ' ಅಂತ ಅನುವಾದಿಸಿಕೊಂಡಿದ್ದಾರೆ. ಕನ್ನಡದಲ್ಲಿ 'ಪಳಗಿದ ತಂತ್ರಜ್ಞಾನ' ಅಂದರೆ ಅರ್ಥಕ್ಕೆ ಹತ್ತಿರ. ಎಲ್ಲರಿಗೂ ಗೊತ್ತಿರುವ, ಅಗ್ಗವಾಗಿರುವ, ಕೈಕೊಡದ ಬಿಡಿಭಾಗಗಳನ್ನು ತಗೊಂಡು ಯಾರೂ ಯೋಚಿಸದ ಜಾಗದಲ್ಲಿ ಬಳಸು. ಅಷ್ಟೇ.

1989ರ ಗೇಮ್ ಬಾಯ್ ಇದಕ್ಕೆ ಒಳ್ಳೆಯ ಉದಾಹರಣೆ. ಬಣ್ಣ ಇಲ್ಲ, ಹಿಂದಿನಿಂದ ಬೆಳಕು ಇಲ್ಲ. ಒಳಗಿದ್ದ ಚಿಪ್, 70ರ ದಶಕದ ಇಂಟೆಲ್ 8080 ಮತ್ತು ಝಡ್80 ಚಿಪ್‌ಗಳ ಹತ್ತಿರದ ನೆಂಟ. ಎದುರಾಳಿ ಸೇಗಾ ಕಂಪನಿಯ ಗೇಮ್ ಗೇರ್‌ಗೆ ಬಣ್ಣದ ಸ್ಕ್ರೀನ್ ಇತ್ತು, ಆದರೆ ಅದು ಆರು ಬ್ಯಾಟರಿಗಳನ್ನು ಕೆಲವೇ ಗಂಟೆಗಳಲ್ಲಿ ನುಂಗುತ್ತಿತ್ತು. ಗೇಮ್ ಬಾಯ್ ನಾಲ್ಕೇ ಬ್ಯಾಟರಿಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಓಡಿತು. ಮುಂದೆ ಬಂದ ಬಣ್ಣದ ಮಾದರಿಯೂ ಸೇರಿ ಅದು ಮಾರಾಟವಾದದ್ದು 11 ಕೋಟಿ 80 ಲಕ್ಷಕ್ಕೂ ಹೆಚ್ಚು. ಗೇಮ್ ಗೇರ್ ಒಂದು ಕೋಟಿಯ ಆಸುಪಾಸಿನಲ್ಲೇ ನಿಂತಿತು.

ನಾನು ಇಂಜಿನಿಯರಿಂಗ್ ಓದುವಾಗ ನಮಗೆ ತಲೆಗೆ ತುಂಬಿದ್ದು ಇದರ ಉಲ್ಟಾ: ಪ್ರೊಸೆಸರ್ ಎಷ್ಟು ಗಿಗಾಹರ್ಟ್ಸ್, ರ‍್ಯಾಮ್ ಎಷ್ಟು, ಹೊಸದು ಯಾವುದು. ಸ್ಪೆಸಿಫಿಕೇಶನ್ ಪಟ್ಟಿಯಲ್ಲಿ ಗೆದ್ದವನೇ ಗೆದ್ದ. ಆಡುವವರ ಜೇಬು, ಬ್ಯಾಟರಿ, ಸಮಯ ಇವ್ಯಾವುದೂ ಆ ಪಟ್ಟಿಯಲ್ಲಿ ಇರೋದಿಲ್ಲ.

ಅಗ್ಗದ ಯಂತ್ರ, ದಪ್ಪ ತಿಜೋರಿ

ಕನ್ಸೋಲ್ ವ್ಯಾಪಾರದ ಮಾಮೂಲಿ ಸೂತ್ರ ಹೀಗಿದೆ: ಯಂತ್ರವನ್ನು ನಷ್ಟಕ್ಕೆ ಮಾರು, ಆಮೇಲೆ ಗೇಮುಗಳಲ್ಲಿ ವಸೂಲಿ ಮಾಡು. ಇದು ನಡೆದರೆ ಭರ್ಜರಿ, ಎಡವಿದರೆ ನಷ್ಟಕ್ಕೆ ತಳವೇ ಇರೋದಿಲ್ಲ.

2006ರಲ್ಲಿ ಎರಡೂ ದಾರಿಗಳು ಪಕ್ಕಪಕ್ಕದಲ್ಲೇ ಕಂಡವು. ಸೋನಿ ಕಂಪನಿಯ ಪ್ಲೇಸ್ಟೇಷನ್ 3ರಲ್ಲಿ ಹೊಚ್ಚಹೊಸ 'ಸೆಲ್' ಪ್ರೊಸೆಸರ್ ಇತ್ತು, ಬ್ಲೂ-ರೇ ಡ್ರೈವ್ ಇತ್ತು. ಅಮೆರಿಕದಲ್ಲಿ ಬೆಲೆ 499 ಮತ್ತು 599 ಡಾಲರ್. ಅದನ್ನು ಬಿಚ್ಚಿ ನೋಡಿದ ಐಸಪ್ಲೈ ಎಂಬ ಸಂಶೋಧನಾ ಸಂಸ್ಥೆ, ತಯಾರಿಕಾ ವೆಚ್ಚವೇ 800 ಡಾಲರ್ ದಾಟುತ್ತೆ ಅಂತ ಅಂದಾಜಿಸಿತು. ಅಂದರೆ ಪ್ರತಿ ಯಂತ್ರ ಮಾರಿದಾಗಲೂ ಕೈಯಿಂದಲೇ ಹೋಗುತ್ತಿತ್ತು. ಪ್ಲೇಸ್ಟೇಷನ್ ಪಿತಾಮಹ ಕೆನ್ ಕುತರಾಗಿ ಮರುವರ್ಷವೇ ಹುದ್ದೆ ಬಿಟ್ಟರು.

ಅದೇ ವರ್ಷ ಬಂದ ನಿಂಟೆಂಡೊ 'ವೀ' ಬೆಲೆ 250 ಡಾಲರ್. ಒಳಗಿನ ಚಿಪ್ ಹಿಂದಿನ ಯಂತ್ರದ ಚಿಪ್‌ನದ್ದೇ ಸುಧಾರಿತ ರೂಪ. ಹೊಸದು ಇದ್ದದ್ದು ಕೈಯಲ್ಲಿ ಬೀಸುವ ರಿಮೋಟ್ ಮಾತ್ರ. ಗೇಮ್ ಅಂದ್ರೆ ಮೂಗು ಮುರಿಯುತ್ತಿದ್ದ ಅಜ್ಜಿ ತಾತಂದಿರೂ ಅದನ್ನು ಹಿಡಿದು ಬೌಲಿಂಗ್ ಆಡಿದರು. 10 ಕೋಟಿಗೂ ಹೆಚ್ಚು ಮಾರಾಟ, ಅದೂ ಯಂತ್ರದ ಮೇಲೆಯೇ ಲಾಭ ಇಟ್ಟುಕೊಂಡು. ಬ್ಯಾಂಕ್ ಸಾಲದ ಹಂಗಿಲ್ಲದ ಕಂಪನಿಯ ತಿಜೋರಿ ತುಂಬಿತು.

ಮುಂದಿನ ಕೆಟ್ಟ ಕಾಲಕ್ಕೆ ಆಸರೆಯಾದದ್ದು ಈ ತಿಜೋರಿಯೇ.

ಸೋಲು ಬಂದಾಗ

ಇವಾಟ ಸ್ವತಃ ಪ್ರೋಗ್ರಾಮರ್. ಸಾಲದಲ್ಲಿ ಮುಳುಗಿದ್ದ ಎಚ್‌ಎಎಲ್ ಲ್ಯಾಬೊರೇಟರಿ ಎಂಬ ಸಣ್ಣ ಗೇಮ್ ಕಂಪನಿಯ ಅಧ್ಯಕ್ಷರಾಗಿ 1993ರಲ್ಲಿ ಬಂದು, ಅದನ್ನು ದಡ ಸೇರಿಸಿದವರು. 2002ರಲ್ಲಿ ನಿಂಟೆಂಡೊ ಅಧ್ಯಕ್ಷರಾದಾಗ ಯಮಾವುಚಿ ಕುಟುಂಬದ ಹೊರಗಿನವರು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು.

ಅವರ ಮೊದಲ ದೊಡ್ಡ ಪೆಟ್ಟು 2011ರ '3ಡಿಎಸ್'. 25,000 ಯೆನ್‌ಗೆ ಬಿಟ್ಟ ಯಂತ್ರ ಮಾರಾಟವಾಗದೆ ಆರೇ ತಿಂಗಳಲ್ಲಿ 15,000ಕ್ಕೆ ಇಳಿಯಿತು. ಆಗಲೂ ಇವಾಟ ಅರ್ಧ ಸಂಬಳ ಬಿಟ್ಟರು. ಮೊದಲೇ ದುಬಾರಿ ಬೆಲೆ ಕೊಟ್ಟವರಿಗೆ 20 ಹಳೆಯ ಗೇಮುಗಳನ್ನು ಪುಕ್ಕಟೆ ಕೊಟ್ಟರು.

ಎರಡನೆಯದು 2012ರ ವೀ ಯು. ಇಲ್ಲಿ ಕಂಪನಿ ತನ್ನದೇ ಸಿದ್ಧಾಂತ ಮರೆತಿತ್ತು. ಟ್ಯಾಬ್ಲೆಟ್ ಥರದ ದುಬಾರಿ ಕಂಟ್ರೋಲರ್ ಹಾಕಿ, ಯಂತ್ರವನ್ನು ನಷ್ಟಕ್ಕೆ ಮಾರೋಕೆ ಹೊರಟಿತು. ಹೆಸರು ಕೇಳಿದವರಲ್ಲಿ ಎಷ್ಟೋ ಜನ ಅದನ್ನು ಹಳೇ ವೀಗೆ ಸಿಕ್ಕಿಸುವ ಇನ್ನೊಂದು ಸಾಮಾನು ಅಂದುಕೊಂಡರು. ಅದರ ಇಡೀ ಆಯುಷ್ಯದಲ್ಲಿ ಮಾರಾಟವಾದದ್ದು ಒಂದು ಕೋಟಿ 35 ಲಕ್ಷ ಮಾತ್ರ.

2013ರ ಷೇರುದಾರರ ಸಭೆಯಲ್ಲಿ ಸಿಬ್ಬಂದಿ ಕಡಿತದ ಪ್ರಶ್ನೆ ಎದ್ದಾಗ ಇವಾಟ ಕೊಟ್ಟ ಉತ್ತರದ ಸಾರ ಇಷ್ಟು: ಜನರನ್ನು ತೆಗೆದರೆ ಈ ವರ್ಷದ ಲೆಕ್ಕ ಚೆನ್ನಾಗಿ ಕಾಣಬಹುದು, ಆದರೆ ಯಾವಾಗ ಕೆಲಸ ಹೋಗುತ್ತೋ ಅಂತ ಹೆದರಿಕೊಂಡವರು ಜಗತ್ತು ಮೆಚ್ಚುವ ಗೇಮ್ ಮಾಡಬಲ್ಲರು ಅಂತ ನನಗನಿಸೋದಿಲ್ಲ. ಇದು ಕರುಣೆಯ ಮಾತಿಗಿಂತ ಹೆಚ್ಚಾಗಿ ಉತ್ಪಾದನೆಯ ಲೆಕ್ಕ.

ಆ ಲೆಕ್ಕ ಸರಿಯೋ ತಪ್ಪೋ ಅನ್ನೋದಕ್ಕೆ ಸಾಕ್ಷಿ ಇದೆ. 2013ರಲ್ಲೇ ಕಂಪನಿ ಕೈಯಲ್ಲಿ ಹಿಡಿಯುವ ಯಂತ್ರದ ತಂಡ ಮತ್ತು ಟಿವಿ ಯಂತ್ರದ ತಂಡ ಎರಡನ್ನೂ ಒಂದು ಮಾಡಿತು. 2015ರ ಜುಲೈನಲ್ಲಿ ಇವಾಟ 55ನೇ ವಯಸ್ಸಿಗೇ ತೀರಿಕೊಂಡರು. ಬ್ಯಾಂಕಿಂಗ್ ಹಿನ್ನೆಲೆಯ ತತ್ಸುಮಿ ಕಿಮಿಶಿಮಾ ಆ ಜಾಗಕ್ಕೆ ಬಂದರು. ಆದರೆ ಯೋಜನೆ ನಿಲ್ಲಲಿಲ್ಲ. 2017ರ ಮಾರ್ಚ್‌ನಲ್ಲಿ 'ಸ್ವಿಚ್' ಬಂತು: ಕೈಯಲ್ಲೂ ಆಡಬಹುದು, ಟಿವಿಗೂ ಹಾಕಬಹುದು. ಒಳಗಿದ್ದದ್ದು ಎನ್‌ವಿಡಿಯಾ 2015ರಲ್ಲೇ ಪ್ರಕಟಿಸಿದ್ದ ಟೆಗ್ರಾ ಎಕ್ಸ್1 ಚಿಪ್. ಮತ್ತೆ ಪಳಗಿದ ತಂತ್ರಜ್ಞಾನ!

ಮುಖ್ಯ ವಿಷಯ ಇದು: ಸ್ವಿಚ್‌ನಲ್ಲಿ ಅತಿ ಹೆಚ್ಚು ಮಾರಾಟವಾದ 'ಮಾರಿಯೋ ಕಾರ್ಟ್ 8 ಡಿಲಕ್ಸ್', ಸೋತ ವೀ ಯುಗೆ ಮಾಡಿದ್ದ ಗೇಮಿನದ್ದೇ ಪರಿಷ್ಕೃತ ರೂಪ. ಸ್ವಿಚ್ ಜೊತೆ ಅದೇ ದಿನ ಬಿಡುಗಡೆಯಾಗಿ ಹೆಸರು ಮಾಡಿದ 'ಝೆಲ್ಡಾ' ಕೂಡ ಮೊದಲು ವೀ ಯುಗೆ ಅಂತಲೇ ಶುರುವಾದದ್ದು. ಯಂತ್ರ ಸೋತಿತ್ತು, ಕೆಲಸಗಾರರು ಸೋತಿರಲಿಲ್ಲ. 2014ರಲ್ಲಿ ಅವರನ್ನು ಬೀದಿಗೆ ಹಾಕಿದ್ದರೆ, ಮುಂದೆ 15 ಕೋಟಿ ದಾಟಿ ಮಾರಾಟವಾದ ಸ್ವಿಚ್‌ಗೆ ಆಟ ಮಾಡುವವರು ಯಾರಿರುತ್ತಿದ್ದರು?

ಹಾಗಂತ ಆರತಿ ಎತ್ತಬೇಕಾ?

ಬೇಡ. ಮೂರು ಕಾರಣ ಇದೆ.

ಒಂದು, ಜಪಾನಿನ ಕಾನೂನು. ಅಲ್ಲಿನ 2007ರ ಕಾರ್ಮಿಕ ಒಪ್ಪಂದ ಕಾಯ್ದೆ ಪ್ರಕಾರ, ಸಕಾರಣವಿಲ್ಲದೆ ಕೆಲಸದಿಂದ ತೆಗೆದರೆ ಆ ಆದೇಶವೇ ಅಸಿಂಧು. ನಷ್ಟದ ನೆಪಕ್ಕೆ ತೆಗೆಯುವ ಮುಂಚೆ ಬೇರೆ ದಾರಿಗಳನ್ನು ಪ್ರಯತ್ನಿಸಿದ್ದೀರಾ ಅಂತ ನ್ಯಾಯಾಲಯಗಳು ಕೇಳುತ್ತವೆ. ಮೇಲಿನವರ ಸಂಬಳ ಕಡಿತ ಅಲ್ಲಿ ಮಹಾತ್ಯಾಗಕ್ಕಿಂತ ಒಂದು ರೂಢಿ.

ಎರಡು, ಈ ರಕ್ಷಣೆ ಎಲ್ಲರಿಗೂ ಸಿಕ್ಕಿಲ್ಲ. 2014ರಲ್ಲೇ ನಿಂಟೆಂಡೊ ಜರ್ಮನಿಯ ಗ್ರೋಸ್‌ಓಸ್ಟ್‌ಹೈಮ್ ಕಚೇರಿ ಮುಚ್ಚಿತು, ಅಲ್ಲಿನವರ ಕೆಲಸ ಹೋಯಿತು. 2022ರಲ್ಲಿ ಅದರ ಅಮೆರಿಕ ಶಾಖೆಯ ಗುತ್ತಿಗೆ ಕಾರ್ಮಿಕರೊಬ್ಬರು ಅಲ್ಲಿನ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಗೆ ದೂರು ಕೊಟ್ಟರು. ಕಾಯಂ ನೌಕರರಿಗೆ ಒಂದು ಬಾಗಿಲು, ಗುತ್ತಿಗೆಯವರಿಗೆ ಇನ್ನೊಂದು.

ಮೂರು, ಕಂಪನಿಯ ದಾರಿಯೂ ಬದಲಾಗುತ್ತಿದೆ. ಶುಂತಾರೊ ಫುರುಕಾವ ಅಧ್ಯಕ್ಷರಾಗಿರುವಾಗ, 2025ರ ಜೂನ್‌ನಲ್ಲಿ ಬಂದ 'ಸ್ವಿಚ್ 2' ಬೆಲೆ ಅಮೆರಿಕದಲ್ಲಿ 450 ಡಾಲರ್. ಅಗ್ಗದ ಯಂತ್ರ ಅನ್ನುವ ಮಾತು ಅದಕ್ಕೆ ಒಪ್ಪೋದು ಕಷ್ಟ.

ಆದರೆ ಎಲ್ಲವನ್ನೂ ಕಾನೂನಿನ ಲೆಕ್ಕಕ್ಕೇ ಬರೆದುಬಿಡೋದೂ ಸರಿಯಲ್ಲ. 6,870 ಕೋಟಿ ಡಾಲರ್ ಕೊಟ್ಟು ಆಕ್ಟಿವಿಷನ್ ಬ್ಲಿಝರ್ಡ್ ಕೊಂಡ ಮೈಕ್ರೋಸಾಫ್ಟ್, ಮೂರೇ ತಿಂಗಳಲ್ಲಿ, 2024ರ ಜನವರಿಯಲ್ಲಿ, ಗೇಮ್ ವಿಭಾಗದ 1,900 ಜನರನ್ನು ಕಳಿಸಿತು. ಮೇ ತಿಂಗಳಲ್ಲಿ ಟ್ಯಾಂಗೊ ಗೇಮ್‌ವರ್ಕ್ಸ್ ಎಂಬ ಸ್ಟುಡಿಯೋ ಮುಚ್ಚುವುದಾಗಿ ಘೋಷಿಸಿತು. ಅದು ಇದ್ದದ್ದು ಟೋಕಿಯೋದಲ್ಲೇ, ಅದೇ ಕಾನೂನಿನ ಕೆಳಗೆ. ಅದರ 'ಹೈ-ಫೈ ರಶ್' ಗೇಮ್ ಹೊಗಳಿಕೆ ಗಳಿಸಿತ್ತು ಬೇರೆ. ಸೋನಿ 2024ರ ಫೆಬ್ರವರಿಯಲ್ಲಿ ಸುಮಾರು 900 ಜನರನ್ನು ತೆಗೆಯಿತು. ಅದನ್ನು ಘೋಷಿಸಿದ ಪ್ಲೇಸ್ಟೇಷನ್ ಮುಖ್ಯಸ್ಥ ಜಿಮ್ ರಯಾನ್, ಮೊದಲೇ ಹೇಳಿದ್ದಂತೆ ಮರು ತಿಂಗಳು ನಿವೃತ್ತರಾದರು. ಇವರ್ಯಾರೂ ದುಡ್ಡಿಲ್ಲದ ಕಂಪನಿಗಳಲ್ಲ. ತಿಜೋರಿಯಲ್ಲಿ ದುಡ್ಡು ಇರೋದು ಒಂದು, ಅದನ್ನು ಯಾರಿಗಾಗಿ ಇಟ್ಟಿದ್ದೇವೆ ಅನ್ನೋದು ಇನ್ನೊಂದು.

ನಮಗೇಕೆ ಈ ಲೆಕ್ಕ?

ಬೆಂಗಳೂರಿನಲ್ಲಿ ಕೂತು ಇದನ್ನು ಓದುತ್ತಿರುವ ಎಷ್ಟೋ ಜನಕ್ಕೆ ಲೇಆಫ್ ಅಂದರೆ ದೂರದ ಸುದ್ದಿ ಅಲ್ಲ. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಜನರನ್ನು ತೆಗೆಯುವುದಾಗಿ ಹೇಳಿದಾಗ ನನ್ನ ಬ್ಯಾಚಿನ ವಾಟ್ಸಾಪ್ ಗ್ರೂಪ್ ಎರಡು ದಿನ ಮೌನವಾಗಿತ್ತು. ಇಲ್ಲಿ ಇನ್ನೊಂದು ವಿಷಯವೂ ಇದೆ. ಕೆಲಸದ ಷರತ್ತು, ಶಿಸ್ತುಕ್ರಮ, ವಜಾ ಇವನ್ನೆಲ್ಲ ಲಿಖಿತ ನಿಯಮಕ್ಕೆ ಒಳಪಡಿಸುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ಕರ್ನಾಟಕ ಸರ್ಕಾರ ವರ್ಷಗಟ್ಟಲೆ ವಿನಾಯಿತಿ ಕೊಟ್ಟಿತ್ತು. ನೌಕರರ ಸಂಘಟನೆಯ ವಿರೋಧದ ನಡುವೆಯೂ 2024ರಲ್ಲಿ ಅದನ್ನು ಮತ್ತೆ ವಿಸ್ತರಿಸಿತು. ಕ್ಯೋಟೋದಲ್ಲಿ ಕಾನೂನು ಕೇಳುವ ಪ್ರಶ್ನೆಯನ್ನು ನಮ್ಮಲ್ಲಿ ಕೇಳುವವರು ಯಾರು?

ಅದಕ್ಕೇ 'ಒಳ್ಳೇ ಬಾಸ್' ಕಥೆ ಶೇರ್ ಮಾಡುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳೋಣ. ಈ ಕಂಪನಿ ಒಳ್ಳೆಯ ದಿನಗಳಲ್ಲಿ ಗಳಿಸಿದ್ದನ್ನು ಎಲ್ಲಿ ಇಟ್ಟಿದೆ? ತಪ್ಪು ನಿರ್ಧಾರ ಮಾಡಿದವರೇ ಅದರ ಬೆಲೆ ಮೊದಲು ಕಟ್ಟುತ್ತಾರಾ? ಅವರು ಕಟ್ಟದಿದ್ದರೆ ಕಟ್ಟಿಸುವ ಕಾನೂನು, ಸಂಘಟನೆ ಇದೆಯಾ?

ಮೊದಲ ಎರಡು ಪ್ರಶ್ನೆಗೆ 2014ರಲ್ಲಿ ನಿಂಟೆಂಡೊ ಬಳಿ ಉತ್ತರ ಇತ್ತು. ಮೂರನೆಯದಕ್ಕೆ ಉತ್ತರ ಕೊಟ್ಟದ್ದು ಇವಾಟ ಅವರಲ್ಲ, ಜಪಾನಿನ ಕಾರ್ಮಿಕರು ದಶಕಗಳ ಕಾಲ ಕೋರ್ಟು ಮೆಟ್ಟಿಲು ಹತ್ತಿ ಗಳಿಸಿಕೊಂಡ ತೀರ್ಪುಗಳು. ಮೊದಲ ಎರಡು ನಮ್ಮ ಕೈಯಲ್ಲಿಲ್ಲ. ಮೂರನೆಯದು ಇದೆ.